ಎಲೆ ನೋಡಿ ಬಡಿಸುವುದು

ಎಲ್ಲರಿಗೂ ನಮಸ್ಕಾರ.

‘ದಿನನಿತ್ಯದ ಬದುಕಿನಲ್ಲಿ ಸಾಮಾಜಿಕ ಜಾಣ್ಮೆ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕರೆದಾಗ ನಾನು ಒಪ್ಪಿಕೊಳ್ಳಲು ಎರಡು ದಿನ ತೆಗೆದುಕೊಂಡೆ. ನಾನು ಮನಶ್ಶಾಸ್ತ್ರ ಕಲಿಸಿದವಳಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವಳು, ಅದರಲ್ಲೂ ಹೆಚ್ಚಿನ ಕಾಲ ಹೋಬಳಿ ಮಟ್ಟದ ಸಣ್ಣ ಶಾಖೆಗಳಲ್ಲಿ. ಆದರೆ ಕೌಂಟರಿನ ಹಿಂದೆ ಅಷ್ಟು ವರ್ಷ ಕುಳಿತವರ ಮುಂದೆ ಊರಿಗೆ ಊರೇ ಬಂದು ನಿಂತಿರುತ್ತದೆ. ಮಗಳ ಮದುವೆಗೆಂದು ಠೇವಣಿ ಮುರಿಸುವವರು, ಗಂಡನಿಗೆ ತಿಳಿಯದಂತೆ ಇನ್ನೂರು ರೂಪಾಯಿ ಕಟ್ಟಿ ಹೋಗುವವರು, ಸಾಲದ ಕಂತಿಗೆ ಗಡುವು ಕೇಳಲು ಬಂದು ಬಾಯಿ ಬಾರದೆ ಮಳೆ-ಬೆಳೆ ಮಾತನಾಡಿ ಹಾಗೇ ಎದ್ದು ಹೋಗುವವರು. ಇವರನ್ನು ನೋಡುತ್ತಾ ಕಲಿತದ್ದು ಒಂದಿಷ್ಟು, ನಿವೃತ್ತಿಯ ನಂತರ ಓದಿಕೊಂಡದ್ದು ಒಂದಿಷ್ಟು. ಎರಡನ್ನೂ ಸೇರಿಸಿ ನಿಮ್ಮ ಮುಂದೆ ಇಡುತ್ತೇನೆ.

ಈ ವಿಷಯದಲ್ಲಿ ನನಗೆ ಮೊದಲ ಪಾಠ ಆದದ್ದು ಬ್ಯಾಂಕಿನಲ್ಲಲ್ಲ, ಮದುವೆಮನೆಯಲ್ಲಿ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಉಪ್ಪು ಬಡಿಸುವ ಕೆಲಸದಿಂದ ಅನ್ನ ಬಡಿಸುವ ಕೆಲಸಕ್ಕೆ ಬಡ್ತಿ ಸಿಕ್ಕಿತ್ತು. ಬಾಣಲೆಯಂಥ ಪಾತ್ರೆ ಕೈಗೆ ಕೊಡುತ್ತಾ ನಮ್ಮ ದೊಡ್ಡಮ್ಮ ಹೇಳಿದರು: “ಎಲೆ ನೋಡಿ ಬಡಿಸು. ಮುಖ ನೋಡಬೇಡ.” ಆ ಹೊತ್ತಿಗೆ ನನಗೆ ಅದು ಅರ್ಥವಾಗಲಿಲ್ಲ. ಮುಖ ನೋಡಿದರೆ ಏನಾಗುತ್ತದೆ ಎಂಬುದು ಎರಡನೆಯ ಪಂಕ್ತಿಯ ಹೊತ್ತಿಗೆ ತಿಳಿಯಿತು. ಚಿಕ್ಕಪ್ಪನ ಮುಖ ಕಂಡರೆ ಕೈ ತಾನಾಗಿ ಇನ್ನೊಂದು ಸೌಟು ಹಾಕುತ್ತದೆ. ಗುರುತಿಲ್ಲದ ಮುಖ ಬಂದರೆ ಕಾಲು ಮುಂದಕ್ಕೆ ಹೋಗಿಬಿಡುತ್ತದೆ.

ಎಲೆ ಮಾತ್ರ ಸುಳ್ಳು ಹೇಳುವುದಿಲ್ಲ. ಅನ್ನದ ನಡುವೆ ಗುಳಿ ಮಾಡಿಕೊಂಡು ಕುಳಿತವರು ಸಾರಿಗೆ ಕಾಯುತ್ತಿದ್ದಾರೆ, ಆದರೆ ಬಾಯಿಬಿಟ್ಟು ಕೇಳುವುದಿಲ್ಲ. ಪಲ್ಯವನ್ನು ಎಲೆಯ ಅಂಚಿಗೆ ಸರಿಸಿದವರಿಗೆ ಅದು ಸೇರಲಿಲ್ಲ. ಬೆರಳಿನಿಂದ ಅನ್ನದ ಅಗುಳನ್ನು ಒಂದೊಂದಾಗಿ ಆಡಿಸುತ್ತಿರುವವರ ಹೊಟ್ಟೆ ತುಂಬಿದೆ, ಪಕ್ಕದವರು ಏಳಲೆಂದು ಕಾಯುತ್ತಿದ್ದಾರೆ. ಇನ್ನು ‘ಬೇಡ’ ಎಂಬ ಮಾತು. ನಮ್ಮಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥವಲ್ಲ ಎಂಬುದು ನಿಮಗೆಲ್ಲ ಗೊತ್ತಿದೆ. ಮೊದಲ ‘ಬೇಡ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ದೊಡ್ಡಮ್ಮ ಕಲಿಸಿದ ಗುರುತು ಬೇರೆ: ಬಾಯಿ ಬೇಡ ಎನ್ನುವಾಗ ಕೈ ಎಲ್ಲಿದೆ ನೋಡು. ಅಂಗೈ ಎಲೆಗೆ ಅಡ್ಡವಾಗಿ ಬಂದರೆ ನಿಜವಾಗಿಯೂ ಬೇಡ, ಮುಂದೆ ಹೋಗು. ಕೈ ಇದ್ದಲ್ಲೇ ಇದ್ದು ಬಾಯಿ ಮಾತ್ರ ಬೇಡ ಎಂದರೆ, ಅರ್ಧ ಸೌಟು ಹಾಕು.

ಆ ದಿನಗಳ ಊಟದ ಸಾಲನ್ನು ನೆನೆದು ಸಂಭ್ರಮಿಸುವಾಗ ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಎಲೆ ನೋಡಿ ಬಡಿಸಬೇಕೆಂದು ಕಲಿಸಿದ ಅದೇ ಮನೆಯಲ್ಲಿ ಪಂಕ್ತಿಗಳು ಬೇರೆ ಬೇರೆ ಇದ್ದವು. ಚಪ್ಪರ ಹಾಕಿದವರು, ಬಾಳೆಕಂಬ ನೆಟ್ಟವರು ಹಿತ್ತಲಲ್ಲಿ ಕಡೆಯಲ್ಲಿ ಕೂರುತ್ತಿದ್ದರು. ಅವರ ಎಲೆಯನ್ನು ಯಾರೂ ಅಷ್ಟು ಗಮನವಿಟ್ಟು ನೋಡುತ್ತಿರಲಿಲ್ಲ. ಒಳಗಿನ ಸಾಲಿನಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಕಣ್ಣು ಹಿತ್ತಲಿಗೆ ಬರುವಷ್ಟರಲ್ಲಿ ಮಂಜಾಗುತ್ತಿತ್ತು. ಇಂದಿನ ನನ್ನ ಮಾತಿನ ತಿರುಳು ಇದೇ. ನಮಗೆ ಗಮನಿಸುವ ಶಕ್ತಿ ಇಲ್ಲವೆಂದಲ್ಲ. ಅದನ್ನು ಯಾರ ಮೇಲೆ ಖರ್ಚು ಮಾಡುತ್ತೇವೆ ಎಂಬುದೇ ಪ್ರಶ್ನೆ.

‘ಸಾಮಾಜಿಕ ಜಾಣ್ಮೆ’ ಎಂಬ ಮಾತು ಮನಶ್ಶಾಸ್ತ್ರದಲ್ಲಿ ಬಳಕೆಗೆ ಬಂದು ನೂರು ವರ್ಷ ದಾಟಿದೆ. 1920ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಮಾಸಪತ್ರಿಕೆಗೆ ಬರೆದ ಲೇಖನದಲ್ಲಿ ಬುದ್ಧಿಯನ್ನು ಮೂರಾಗಿ ವಿಂಗಡಿಸಿದರು. ವಿಚಾರಗಳನ್ನು ಹಿಡಿಯುವ ಬುದ್ಧಿ ಒಂದು, ಯಂತ್ರ ಮತ್ತು ವಸ್ತುಗಳನ್ನು ಪಳಗಿಸುವ ಬುದ್ಧಿ ಇನ್ನೊಂದು, ಮನುಷ್ಯರನ್ನು ಅರಿತು ಅವರೊಡನೆ ವಿವೇಕದಿಂದ ನಡೆದುಕೊಳ್ಳುವ ಬುದ್ಧಿ ಮತ್ತೊಂದು. ಕಾರ್ಖಾನೆಯ ಅತ್ಯುತ್ತಮ ಮೆಕ್ಯಾನಿಕ್ ಈ ಮೂರನೆಯದಿಲ್ಲದೆ ಮೇಸ್ತ್ರಿಯಾಗಿ ಸೋಲಬಹುದು ಎಂದರು. ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಅಕೌಂಟೆಂಟ್ ಬಡ್ತಿ ಪಡೆದು ಮ್ಯಾನೇಜರ್ ಆದ ಮೂರೇ ತಿಂಗಳಲ್ಲಿ ಇಡೀ ಶಾಖೆ ಮುಖ ಗಂಟಿಕ್ಕಿಕೊಂಡು ಕುಳಿತದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಈ ಬುದ್ಧಿ ಶಿಶುಮನೆಯಲ್ಲಿ, ಆಟದ ಬಯಲಿನಲ್ಲಿ, ಸೈನಿಕರ ಬ್ಯಾರಕ್ಕಿನಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಪ್ರಯೋಗಾಲಯದ ಪರೀಕ್ಷೆಗೆ ಸುಲಭವಾಗಿ ಸಿಕ್ಕುವುದಿಲ್ಲ ಎಂದೂ ಥಾರ್ನ್‌ಡೈಕ್ ಆಗಲೇ ಎಚ್ಚರಿಸಿದ್ದರು.

ಕನ್ನಡದಲ್ಲಿ ಇದಕ್ಕೆ ಹಳೆಯ ಮಾತಿದೆ, ‘ಇಂಗಿತ ಅರಿಯುವುದು’. ಎದುರಿನವರು ಬಾಯಿಬಿಟ್ಟು ಹೇಳದ್ದನ್ನು ತಿಳಿದುಕೊಂಡು ನಡೆಯುವುದು. ಆದರೆ ಇದರ ಪಕ್ಕದಲ್ಲೇ ಇನ್ನೊಂದು ಮಾತು ಕುಳಿತಿದೆ: ‘ಮುಖ ನೋಡಿ ಮಣೆ ಹಾಕು’. ಬಂದವರ ಅಂತಸ್ತು ಅಳೆದು ಆದರಿಸುವುದು. ಎರಡಕ್ಕೂ ಸೂಕ್ಷ್ಮವಾದ ಕಣ್ಣು ಬೇಕು. ಎರಡನೆಯದನ್ನೇ ಮೊದಲನೆಯದೆಂದು ತಿಳಿದವರು ಬಹಳ. ವ್ಯಕ್ತಿತ್ವ ವಿಕಸನದ ಹೆಸರಿನಲ್ಲಿ ನಡೆಯುವ ಎಷ್ಟೋ ತರಬೇತಿಗಳಲ್ಲಿ ಕಲಿಸುವುದು ಮಣೆ ಹಾಕುವುದನ್ನೇ: ಮೇಲಧಿಕಾರಿಯನ್ನು ಒಲಿಸಿಕೊಳ್ಳುವುದು ಹೇಗೆ, ಗ್ರಾಹಕನನ್ನು ಒಪ್ಪಿಸುವುದು ಹೇಗೆ. ಅದು ವ್ಯಾಪಾರಕ್ಕೆ ಬೇಕಾಗಬಹುದು. ಅದನ್ನು ಇತರರ ಬಗೆಗಿನ ಅರಿವು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೀವು ಯಾವುದೇ ಕಚೇರಿಗೆ ಹೋಗಿ ನೋಡಿ. ಸಾಹೇಬರ ಜೀಪು ನಿಂತ ಸದ್ದಿನಲ್ಲೇ ಅಟೆಂಡರ್‌ಗೆ ಅವರ ಅಂದಿನ ಮನಃಸ್ಥಿತಿ ತಿಳಿದುಬಿಡುತ್ತದೆ. ಬಾಗಿಲು ಎಳೆದ ರಭಸ ಕೇಳಿ, ಈಗ ಕಡತ ಒಯ್ಯುವುದೋ ಊಟದ ನಂತರ ಒಯ್ಯುವುದೋ ಎಂದು ನಿರ್ಧರಿಸುತ್ತಾನೆ. ಅದೇ ಸಾಹೇಬರಿಗೆ ಆ ಅಟೆಂಡರ್ ಯಾವ ಊರಿನಿಂದ ಎಷ್ಟು ಗಂಟೆಯ ಬಸ್ಸು ಹಿಡಿದು ಬರುತ್ತಾನೆ ಎಂಬುದು ಹತ್ತು ವರ್ಷವಾದರೂ ಗೊತ್ತಿರುವುದಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆ ಒಂದೇ ತಿಂಗಳಲ್ಲಿ ಅತ್ತೆಯ ಕೆಮ್ಮಿನ ಬಗೆಗಳನ್ನೆಲ್ಲ ಕಲಿತುಬಿಡುತ್ತಾಳೆ. ಆ ಮನೆಯಲ್ಲಿ ಆಕೆಗೆ ಹುಳಿ ಇಷ್ಟವೋ ಖಾರ ಇಷ್ಟವೋ ಎಂದು ಯಾರಾದರೂ ತಿಳಿದುಕೊಂಡಿದ್ದಾರೆಯೇ? ‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎನ್ನುತ್ತೇವಲ್ಲ. ಬೆಕ್ಕಿನ ಹೆಜ್ಜೆಯನ್ನು ಇಲಿ ಅರಿಯಲೇಬೇಕು. ಇಲಿಯ ಮನಸ್ಸನ್ನು ಅರಿಯದಿದ್ದರೂ ಬೆಕ್ಕಿಗೆ ಏನೂ ನಷ್ಟವಿಲ್ಲ. ಗಮನ ಎಂಬುದು ನಮ್ಮ ಸಮಾಜದಲ್ಲಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ.

ಈಗ ಒಂದು ಸಣ್ಣ ಕೆಲಸ ಮಾಡೋಣ. ಎಲ್ಲರೂ ಬಲಗೈ ತೋರುಬೆರಳಿನಿಂದ ನಿಮ್ಮ ನಿಮ್ಮ ಹಣೆಯ ಮೇಲೆ ಇಂಗ್ಲಿಷಿನ ‘ಇ’ (E) ದೊಡ್ಡಕ್ಷರವನ್ನು ಬರೆಯಿರಿ. ಯೋಚಿಸಬೇಡಿ, ತಕ್ಷಣ ಬರೆಯಿರಿ. ಬರೆದಿರಾ? ಎದುರಿಗಿರುವವರಿಗೆ ಸರಿಯಾಗಿ ಕಾಣುವಂತೆ ಬರೆದಿರೋ, ನಿಮಗೆ ನೀವೇ ಓದಿಕೊಳ್ಳುವಂತೆ ಬರೆದಿರೋ? 2006ರಲ್ಲಿ ಆಡಂ ಗ್ಯಾಲಿನ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ಇದೇ ಪ್ರಯೋಗ ಮಾಡಿದರು. ಬರೆಸುವ ಮೊದಲು ಕೆಲವರಿಂದ ತಾವು ಇನ್ನೊಬ್ಬರ ಮೇಲೆ ಅಧಿಕಾರ ನಡೆಸಿದ ಒಂದು ಸಂದರ್ಭವನ್ನು ನೆನಪು ಮಾಡಿಸಿ ಬರೆಸಿದರು, ಉಳಿದವರಿಂದ ತಾವು ಇನ್ನೊಬ್ಬರ ಅಧೀನದಲ್ಲಿದ್ದ ಸಂದರ್ಭವನ್ನು. ಅಧಿಕಾರವನ್ನು ನೆನೆದುಕೊಂಡವರಲ್ಲಿ ಅಕ್ಷರವನ್ನು ತಮ್ಮ ಕಡೆಗೆ ತಿರುಗಿಸಿ ಬರೆದವರು ಹೆಚ್ಚು. ಇಂಥ ಸಣ್ಣ ಪ್ರಯೋಗಗಳ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು, ನಾನೂ ಕಟ್ಟುವುದಿಲ್ಲ. ಯಾವ ಕಡೆಗೆ ಬರೆದಿದ್ದರೂ ನಿಮ್ಮ ಗುಣ ಇಂಥದ್ದೇ ಎಂದು ಯಾರೂ ಹೇಳಲಾಗದು. ಆದರೂ ಕುರ್ಚಿ ಬದಲಾದರೆ ಕಣ್ಣು ಬದಲಾಗುತ್ತದೆ ಎಂಬುದನ್ನು ನಾನು ಹಣೆಯ ಮೇಲೆ ಬರೆಯದೆಯೇ ಕಲಿತಿದ್ದೇನೆ. ಅದನ್ನು ಹೇಳುತ್ತೇನೆ.

ನೌಕರಿಗೆ ಸೇರಿದ ಎರಡನೆಯ ವರ್ಷ ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆಯಲ್ಲಿದ್ದೆ. ಸಂತೆಯ ದಿನ. ಬಾಗಿಲಿನವರೆಗೂ ಸಾಲು. ಒಬ್ಬ ಹಿರಿಯರು ಬಂದರು. ಒಗೆದು ಒಗೆದು ತೆಳುವಾದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಹಣ ತೆಗೆಯುವ ಚೀಟಿಯನ್ನು ನನ್ನ ಕಡೆಗೆ ಸರಿಸಿ, “ತಾಯಿ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಇದನ್ನು ಸ್ವಲ್ಪ ಬರೆದುಕೊಡುತ್ತೀರಾ?” ಎಂದರು. ನನಗೆ ಆಗಲೇ ಕನ್ನಡಕ ಬಂದಿತ್ತು. ನಾನು ಒಳ್ಳೆಯ ಮನಸ್ಸಿನಿಂದಲೇ ಅದನ್ನು ತೆಗೆದು ಅವರ ಕೈಗೆ ಕೊಟ್ಟೆ. “ತೆಗೆದುಕೊಳ್ಳಿ ಯಜಮಾನರೇ, ಇದನ್ನು ಹಾಕಿಕೊಂಡು ಬರೆಯಿರಿ, ಅವಸರವೇನಿಲ್ಲ” ಎಂದೆ.

ಅವರು ತೆಗೆದುಕೊಂಡರು. ಕಿವಿಗೆ ಸಿಕ್ಕಿಸಿಕೊಂಡು ಚೀಟಿ ಹಿಡಿದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತರು. ನಾನು ಮುಂದಿನವರ ಕೆಲಸ ನೋಡಿದೆ, ಅದರ ಮುಂದಿನವರದು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದಾಗ ಅವರು ಇನ್ನೂ ಹಾಗೆಯೇ ಚೀಟಿ ನೋಡುತ್ತಾ ಕುಳಿತಿದ್ದರು. ಆಮೇಲೆ ಎದ್ದು ಬಂದು ಕನ್ನಡಕವನ್ನು ಟವೆಲಿನ ತುದಿಯಿಂದ ಒರೆಸಿ ಕೌಂಟರಿನ ಮೇಲಿಟ್ಟು, “ನಾಳೆ ಬರುತ್ತೇನೆ ತಾಯಿ” ಎಂದು ಹೋದರು. ಚೀಟಿ ಖಾಲಿಯಾಗಿತ್ತು. ಸಂತೆಗೆ ಬಂದವರು ಸಂತೆಯ ಖರ್ಚಿಗೆ ಹಣ ಇಲ್ಲದೆ ಹೋದರು.

ನಮ್ಮ ಹೆಡ್ ಕ್ಯಾಷಿಯರ್ ಸಂಜೆ ಹಣ ಎಣಿಸಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದರು: “ಕನ್ನಡಕ ಮರೆತೆ ಎಂದರೆ ಓದಲು ಬರುವುದಿಲ್ಲ ಎಂದು ಅರ್ಥಮ್ಮ.” ಅಷ್ಟೇ. ಅವರು ಬೈಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡ 56 ಇತ್ತು; ಅಂದರೆ ಏಳು ವರ್ಷ ದಾಟಿದ ನೂರು ಜನರಲ್ಲಿ ನಲವತ್ತನಾಲ್ಕು ಜನರಿಗೆ ಆ ಚೀಟಿ ಬರೀ ಗೆರೆಗಳು. ಈ ಲೆಕ್ಕ ಪತ್ರಿಕೆಯಲ್ಲಿ ಬಂದಾಗ ನಾನೂ ಓದಿದ್ದೆ. ಆ ನಲವತ್ತನಾಲ್ಕರಲ್ಲಿ ಒಬ್ಬರು ನನ್ನ ಎದುರಿಗೆ ನಿಂತು, ತಮ್ಮ ಮಾನ ಉಳಿಸಿಕೊಳ್ಳಲು ಒಂದು ನವಿರಾದ ಮಾತನ್ನು ಕಟ್ಟಿಕೊಂಡು ಬಂದಾಗ ಮಾತ್ರ ನನಗೆ ಕಾಣಲಿಲ್ಲ.

ಇಲ್ಲಿ ನನ್ನಲ್ಲಿ ಕರುಣೆ ಇರಲಿಲ್ಲವೆಂದು ಹೇಳಲಾಗದು. ಸ್ವಂತ ಕನ್ನಡಕವನ್ನೇ ಕೊಟ್ಟಿದ್ದೆ. ಇಲ್ಲದಿದ್ದದ್ದು ಬೇರೆ. ಓದುವವರಿಗೆ ಓದು ಎಷ್ಟು ಸಹಜವಾಗಿಬಿಟ್ಟಿರುತ್ತದೆಂದರೆ, ಅದಿಲ್ಲದ ಮನಸ್ಸು ಹೇಗಿರುತ್ತದೆ ಎಂಬುದು ತೋಚುವುದೇ ಇಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಂದು ಸರಳ ಆಟ ಆಡಿಸಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ತಟ್ಟಿದವರು ಅರ್ಧಕ್ಕರ್ಧ ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದುಕೊಂಡಿದ್ದರು. ತಟ್ಟಿದ್ದು 120 ಹಾಡು, ಗುರುತಿಸಿದ್ದು ಮೂರು. ತಟ್ಟುವವರ ತಲೆಯಲ್ಲಿ ರಾಗ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿರುತ್ತದೆ. ಕೇಳುವವರಿಗೆ ಟಕ್ ಟಕ್ ಸದ್ದು ಮಾತ್ರ. ಮನೆಗೆ ಹೋಗಿ ಮಕ್ಕಳೊಡನೆ ಆಡಿ ನೋಡಿ. ವೈದ್ಯರು ಔಷಧಿ ವಿವರಿಸುವಾಗ, ಮೇಷ್ಟ್ರು ಲೆಕ್ಕ ಬಿಡಿಸುವಾಗ, ಮಗ ಅಪ್ಪನಿಗೆ ಮೊಬೈಲ್‌ನಲ್ಲಿ ಹಣ ಕಳಿಸುವುದನ್ನು ಕಲಿಸುವಾಗ “ಇಷ್ಟು ಸುಲಭ, ಗೊತ್ತಾಗುವುದಿಲ್ಲವೇ?” ಎಂದು ರೇಗುತ್ತಾರಲ್ಲ, ಅಲ್ಲಿ ನಡೆಯುತ್ತಿರುವುದು ಇದೇ ಮೇಜು ತಟ್ಟುವ ಕೆಲಸ.

ಹಾಗಾದರೆ ಎದುರಿನವರ ಜಾಗದಲ್ಲಿ ನಿಂತು ಯೋಚಿಸಿದರೆ ಸಾಕೇ? ಎಲ್ಲರೂ ಕೊಡುವ ಉಪದೇಶ ಅದೇ. ನಾನೂ ಬಹಳ ಕಾಲ ಅದನ್ನೇ ನಂಬಿದ್ದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದ ಮೇಲೆ ನನ್ನ ನಂಬಿಕೆ ಬದಲಾಯಿತು. ತಾಲ್ ಇಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ ಎಂಬ ಮೂವರು ಸಂಶೋಧಕರು ಇಪ್ಪತ್ತೈದು ಪ್ರಯೋಗಗಳನ್ನು ಮಾಡಿದರು. ಮುಖ ನೋಡಿ ಭಾವ ಹೇಳುವುದು, ಸುಳ್ಳು ನಗುವನ್ನು ಗುರುತಿಸುವುದು, ಗಂಡನೋ ಹೆಂಡತಿಯೋ ಒಂದು ವಿಷಯದಲ್ಲಿ ಏನು ಹೇಳಬಹುದೆಂದು ಊಹಿಸುವುದು ಹೀಗೆ. ಎದುರಿನವರ ಸ್ಥಾನದಲ್ಲಿ ತಮ್ಮನ್ನು ಇಟ್ಟುಕೊಂಡು ಯೋಚಿಸಿದವರ ಊಹೆ ಹಾಗೆ ಯೋಚಿಸದವರ ಊಹೆಗಿಂತ ಹೆಚ್ಚು ಸರಿಯಾಗಿರಲಿಲ್ಲ. ನಿಖರತೆ ಹೆಚ್ಚಿದ್ದು ಒಂದೇ ದಾರಿಯಲ್ಲಿ: ನೇರವಾಗಿ ಕೇಳಿ ತಿಳಿದುಕೊಂಡಾಗ.

ಇದು ಎಷ್ಟು ಸರಳ ಮಾತು ನೋಡಿ. ನಾವು ಅವರ ಜಾಗದಲ್ಲಿ ನಿಂತೆವು ಎಂದುಕೊಂಡಾಗಲೂ ಅಲ್ಲಿಗೆ ನಮ್ಮ ಮನಸ್ಸನ್ನೇ ಹೊತ್ತುಕೊಂಡು ಹೋಗಿರುತ್ತೇವೆ. ವಯಸ್ಸಾದ ಅಮ್ಮನಿಗೆ ವಿಶ್ರಾಂತಿ ಬೇಕೆಂದು ಮಗ ಅಡುಗೆಯವರನ್ನು ಇಡುತ್ತಾನೆ. ತಾನು ಅಮ್ಮನಾಗಿದ್ದರೆ ಅದನ್ನೇ ಬಯಸುತ್ತಿದ್ದೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದಾನೆ. ಅಮ್ಮನಿಗೆ ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಅಧಿಕಾರ ಆ ಒಲೆಯ ಮುಂದಿನದು. ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ‘ಪ್ರೀತಿ ಇರುವಲ್ಲಿ ಕೇಳುವುದೇನಿದೆ, ತಾನಾಗಿ ತಿಳಿಯಬೇಕು’ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಕೇಳಿದರೆ ಸಣ್ಣವರಾದೆವೇನೋ ಎಂಬಂತೆ. ನನ್ನ ದೊಡ್ಡಮ್ಮ ಕೂಡ ಎಲೆ ನೋಡಿದ ಮೇಲೆ “ಸಾರು ತರಲೇ?” ಎಂದು ಕೇಳದೆ ಬಿಡುತ್ತಿರಲಿಲ್ಲ. ನೋಡಿದ್ದು ಕೇಳುವುದಕ್ಕೆ ದಾರಿ ಮಾಡಿಕೊಡಬೇಕು.

ಕೇಳಿ ಎಂದೆ. ಆದರೆ ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೇನೂ ಕೊರತೆಯಿಲ್ಲ, ಅದೂ ನಿಮಗೆ ಗೊತ್ತು. ಸಂಬಳ ಎಷ್ಟು? ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲವೇ? ಮದುವೆಯಾಗಿ ಮೂರು ವರ್ಷವಾದ ಹುಡುಗಿಯನ್ನು ನಾಲ್ಕು ಜನರ ಮಧ್ಯೆ ನಿಲ್ಲಿಸಿ, “ಏನಾದರೂ ವಿಶೇಷವೇ?” ಎಂದು ಕೇಳುವುದು. ಆಕೆ ಆ ವಾರವೇ ಆಸ್ಪತ್ರೆಯಿಂದ ಬಂದಿರಬಹುದು, ಒಂದನ್ನು ಕಳೆದುಕೊಂಡಿರಬಹುದು. ನಕ್ಕು “ಇನ್ನೂ ಇಲ್ಲ ಅತ್ತೆ” ಎನ್ನುತ್ತಾಳೆ. ಆ ನಗುವನ್ನು ತಯಾರು ಮಾಡಿಕೊಳ್ಳಲು ಆಕೆ ಮನೆಯಿಂದ ಹೊರಡುವ ಮೊದಲೇ ಎಷ್ಟು ಹೊತ್ತು ಕನ್ನಡಿಯ ಮುಂದೆ ನಿಂತಿದ್ದಳೋ. ಈ ಪ್ರಶ್ನೆ ನಮ್ಮ ಕುತೂಹಲಕ್ಕೆ ಅನ್ನ ಹಾಕುತ್ತದೆ, ಆಕೆಗೆ ಏನೂ ಕೊಡುವುದಿಲ್ಲ. “ಸಾರು ತರಲೇ?” ಎಂಬ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ: ಅಲ್ಲಿ ಉಣ್ಣುವವರು ಬೇಕೆನ್ನಬಹುದು, ಬೇಡವೆನ್ನಬಹುದು, ಎರಡರಲ್ಲೂ ಅವರ ಮಾನಕ್ಕೆ ಕುಂದಿಲ್ಲ.

ಸಾವಿನ ಮನೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಂದವರೆಲ್ಲ “ಹೇಗಾಯಿತು?” ಎಂದು ಕೇಳುತ್ತಾರೆ. ಕೆಟ್ಟ ಉದ್ದೇಶ ಯಾರಿಗೂ ಇಲ್ಲ, ಏನು ಮಾತನಾಡಬೇಕೆಂದು ತಿಳಿಯದೆ ಕೇಳುವುದು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಬೆಳಗಿನಿಂದ ಸಂಜೆಯವರೆಗೆ ನಲವತ್ತು ಸಲ ಅದೇ ಗಳಿಗೆಯನ್ನು ಹೇಳಬೇಕಾಗುತ್ತದೆ: ಎದೆ ಹಿಡಿದುಕೊಂಡರು, ನೀರು ಕೇಳಿದರು, ಆಟೋ ಬರುವಷ್ಟರಲ್ಲಿ... ನಮ್ಮ ಬೀದಿಯಲ್ಲಿ ಇಂಥದ್ದೊಂದು ಸಾವಾದಾಗ ಪಕ್ಕದ ಮನೆಯವರು ಗೇಟಿನ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ಬಂದವರಿಗೆ ಅಲ್ಲೇ ಎಲ್ಲವನ್ನೂ ತಾವೇ ಹೇಳಿ, “ಒಳಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ, ಸಾಕು” ಎಂದು ಕಳಿಸುತ್ತಿದ್ದರು. ಅವರ ಹೆಂಡತಿ ಒಲೆ ಹಚ್ಚದ ಆ ಮನೆಗೆ ಮೂರು ಹೊತ್ತೂ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಊಟ ತಂದಿಡುತ್ತಿದ್ದರು. ಖಾರ ಕಡಿಮೆ ಹಾಕಿದ ಒಂದು ಸಣ್ಣ ಡಬ್ಬಿ ಬೇರೆ ಇರುತ್ತಿತ್ತು, ಆ ಮನೆಯ ಚಿಕ್ಕ ಹುಡುಗನಿಗೆ. ಥಾರ್ನ್‌ಡೈಕ್ ಹೇಳಿದ ಮೂರನೆಯ ಬುದ್ಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಅವಸರದ ಬಗ್ಗೆ ಸ್ವಲ್ಪ ಹೇಳಬೇಕು. 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಪಾದ್ರಿಯಾಗಲು ಓದುತ್ತಿದ್ದ ನಲವತ್ತು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಅವರು ಭಾಷಣ ಮಾಡಬೇಕು. ದಾರಿಯಲ್ಲಿ ಬಾಗಿಲ ಬಳಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತಾ ನರಳುತ್ತಿರುತ್ತಾನೆ. ಸಾಕಷ್ಟು ಸಮಯವಿದೆ ಎಂದು ತಿಳಿದವರಲ್ಲಿ ಶೇಕಡ 63 ಜನ ನೆರವಾದರು. ತಡವಾಗಿದೆ ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಶೇಕಡ 10. ಕೆಲವರು ಮಾತನಾಡಲು ಹೊರಟಿದ್ದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ದಯಾವಂತನ ಬೈಬಲ್ ಕಥೆಯೇ. ಆ ವಿಷಯ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

ರಸ್ತೆ ಅಪಘಾತದಲ್ಲಿ ನೆರವಾದವರನ್ನು ಠಾಣೆ ಮತ್ತು ನ್ಯಾಯಾಲಯದ ಅಲೆದಾಟದಿಂದ ಕಾಪಾಡಲು ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಕಾಯ್ದೆ ಭಯವನ್ನು ತೆಗೆಯುತ್ತದೆ, ಒಳ್ಳೆಯದೇ ಆಯಿತು. ಅವಸರವನ್ನು ಯಾವ ಕಾಯ್ದೆಯೂ ತೆಗೆಯಲಾರದು. ಹಾಗಾಗಿ ಕೌಂಟರಿನಲ್ಲಿ ಒಬ್ಬರು ಸಿಡುಕಿದಾಗ ಅವರ ಸ್ವಭಾವವನ್ನು ಹಳಿಯುವ ಮೊದಲು ಒಂದು ಸಲ ಹಿಂದಿರುಗಿ ಸಾಲನ್ನು ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಎಂಬತ್ತು ಜನರಿಗೆ ಒಬ್ಬರೇ ಕುಳಿತಿರುವಲ್ಲಿ ಇಂಗಿತ ಅರಿಯುವ ಮಾತು ಎಲ್ಲಿಂದ ಬರಬೇಕು? ಅದೇ ರೀತಿ ಮನೆಯಲ್ಲಿ ನಾವು ಒರಟಾಗುವ ಹೊತ್ತು ಯಾವುದೆಂದು ನೋಡಿಕೊಂಡರೆ, ಬಹುಪಾಲು ಅದು ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ಇರುತ್ತದೆ. ಹತ್ತು ನಿಮಿಷ ಮೊದಲು ಏಳುವುದು ಕೂಡ ಇತರರ ಬಗೆಗಿನ ಕಾಳಜಿಯೇ.

ಒಂದು ಗುಂಪು ಸೇರಿ ಕೆಲಸ ಮಾಡುವಾಗ ಈ ಅರಿವು ಏನು ಮಾಡುತ್ತದೆ ಎಂಬುದನ್ನು ಮಹಿಳಾ ಸ್ವಸಹಾಯ ಸಂಘಗಳಲ್ಲಿ ಕಂಡಿದ್ದೇನೆ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಆರಂಭಿಸಿತು. ಮುಂದೆ ನಮ್ಮ ಶಾಖೆಗೂ ಬಂತು. ಸಾಲ ಕೊಡುವ ಮೊದಲು ನಾವು ಹೋಗಿ ವಾರದ ಸಭೆಯಲ್ಲಿ ಕೂರಬೇಕಿತ್ತು. ಎಲ್ಲರೂ ಚಾಪೆಯ ಮೇಲೆ ದುಂಡಾಗಿ ಕೂರುತ್ತಿದ್ದರು. ಕೆಲವು ಸಂಘಗಳಲ್ಲಿ ಅಧ್ಯಕ್ಷೆಯೊಬ್ಬರೇ ಚೆನ್ನಾಗಿ ಮಾತನಾಡುತ್ತಿದ್ದರು, ಪುಸ್ತಕ ಅಚ್ಚುಕಟ್ಟಾಗಿರುತ್ತಿತ್ತು, ನಮಗೂ ಸಂತೋಷವಾಗುತ್ತಿತ್ತು. ಇನ್ನು ಕೆಲವು ಕಡೆ ಒಬ್ಬೊಬ್ಬರೂ ಹಣ ಮುಂದಿಡುವಾಗ ಒಂದು ಮಾತಾದರೂ ಆಡಲೇಬೇಕು. ಎರಡು ವಾರದಿಂದ ಸುಮ್ಮನಿದ್ದವರನ್ನು ಪಕ್ಕದವರು ಮೊಣಕೈಯಿಂದ ತಿವಿದು “ನೀನು ಹೇಳಕ್ಕಾ” ಎನ್ನುತ್ತಿದ್ದರು. ನಾನು ಕಂಡಂತೆ ವರ್ಷಗಳ ನಂತರವೂ ನಿಂತದ್ದು ಈ ಎರಡನೆಯ ಬಗೆಯವು. ಬಹಳ ವರ್ಷಗಳ ಮೇಲೆ ಓದಿ ಆಶ್ಚರ್ಯಪಟ್ಟೆ: 2010ರಲ್ಲಿ ಅನಿತಾ ವೂಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪುಗಳಾಗಿ ಮಾಡಿ ಕೆಲಸ ಕೊಟ್ಟು ನೋಡಿದಾಗ, ಗುಂಪಿನ ಸಾಮರ್ಥ್ಯಕ್ಕೆ ಸದಸ್ಯರ ಬುದ್ಧಿಮತ್ತೆಯ ಸರಾಸರಿಯೊಂದಿಗೆ ಬಲವಾದ ನಂಟು ಕಾಣಲಿಲ್ಲ. ಇನ್ನೊಬ್ಬರ ಕಣ್ಣು ನೋಡಿ ಭಾವ ತಿಳಿಯುವ ಶಕ್ತಿಯೊಂದಿಗೆ, ಮಾತಿನ ಸರದಿ ಎಲ್ಲರಿಗೂ ಸಿಗುವುದರೊಂದಿಗೆ ಕಂಡಿತು.

ಕಣ್ಣು ಎಂದಾಗ ಒಂದು ಎಚ್ಚರಿಕೆ. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದವರಿಗೆ ಆತ್ಮವಿಶ್ವಾಸವಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಸಂದರ್ಶನಗಳಲ್ಲಿ ತೀರ್ಮಾನಿಸಿಬಿಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ಗೌರವ. ಆಟಿಸಂ (ಮಿದುಳಿನ ಬೆಳವಣಿಗೆ ಬೇರೆ ರೀತಿಯಾಗಿದ್ದು, ಇತರರೊಡನೆ ಬೆರೆಯುವ ರೀತಿಯೂ ಬೇರೆಯಾಗಿರುವ ಸ್ಥಿತಿ) ಇರುವ ಅನೇಕರಿಗೆ ಕಣ್ಣಿಗೆ ಕಣ್ಣು ಕೊಡುವುದೇ ಕಷ್ಟ, ಅಷ್ಟಕ್ಕೆ ಅವರಲ್ಲಿ ಮಮತೆ ಇಲ್ಲವೆಂದಲ್ಲ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಹೇಳಿದರು: ಅವರಿಗೆ ನಾವು ಅರ್ಥವಾಗುವುದಿಲ್ಲ ಎನ್ನುತ್ತೇವೆ, ನಮಗೆ ಅವರು ಅರ್ಥವಾಗುತ್ತಾರೆಯೇ? ಕೊರತೆ ಎರಡೂ ಕಡೆ ಇದೆ ಎಂಬುದು ಅವರ ವಾದ. ನನಗೆ ಅದು ನ್ಯಾಯವಾದ ಮಾತೆನಿಸುತ್ತದೆ.

ಮತ್ತೆ ನಮ್ಮ ಹೆಡ್ ಕ್ಯಾಷಿಯರ್ ಬಳಿಗೆ ಬರುತ್ತೇನೆ. ಮಾರನೆಯ ದಿನದಿಂದ ನಾನು ಅವರನ್ನು ಗಮನಿಸಲು ಶುರು ಮಾಡಿದೆ. ಅವರು ಯಾರನ್ನೂ “ಸಹಿಯೋ ಹೆಬ್ಬೆಟ್ಟೋ?” ಎಂದು ಕೇಳುತ್ತಿರಲಿಲ್ಲ. ಚೀಟಿ ಕೈಗೆ ಬಂದ ಕೂಡಲೇ, ಬಂದವರು ಮೇಷ್ಟ್ರಾಗಿರಲಿ ಕುರಿ ಕಾಯುವವರಾಗಿರಲಿ, ತಾವೇ ಮೆಲುದನಿಯಲ್ಲಿ ಓದುತ್ತಿದ್ದರು: “ಇಂದಿನ ತಾರೀಖು ಇದು, ನಿಮ್ಮ ಖಾತೆ ನಂಬರು ಇದು, ಎಷ್ಟು ಬರೆಯೋಣ?” ಎಲ್ಲರಿಗೂ ಒಂದೇ ರೀತಿ. ಸಹಿಗೆ ಪೆನ್ನು, ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್, ಎರಡನ್ನೂ ಒಟ್ಟಿಗೆ ಮುಂದಕ್ಕೆ ಸರಿಸುತ್ತಿದ್ದರು. ಬೇಕಾದದ್ದನ್ನು ಅವರವರು ತೆಗೆದುಕೊಳ್ಳುತ್ತಿದ್ದರು. ಆ ಕೌಂಟರಿನ ಮುಂದೆ ಯಾರೂ ಕನ್ನಡಕ ಮರೆತು ಬರಬೇಕಾಗಿರಲಿಲ್ಲ.

ನಾನೂ ಅದನ್ನೇ ಮಾಡಿದೆ, ವರ್ಷಗಟ್ಟಲೆ. ಒಮ್ಮೆ ಮಾತ್ರ ಒಬ್ಬ ನಿವೃತ್ತ ಶಿಕ್ಷಕಿ ನಾನು ಓದಲು ಆರಂಭಿಸಿದ ತಕ್ಷಣ ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡರು. “ನಾನು ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು” ಎಂದರು. ಅವರ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟಗೆ ಬರುತ್ತಿತ್ತು, ಬರೆಯಲು ಬಹಳ ಹೊತ್ತು ಹಿಡಿಯಿತು. ಅವರಿಗೆ ಆ ಚೀಟಿಯನ್ನು ತಾವೇ ಬರೆಯುವುದು ಮುಖ್ಯವಾಗಿತ್ತು. ನಾನು ಅವರ ಹಿಂದಿನವರಿಗೆ ಐದು ನಿಮಿಷ ತಾಳಿರೆಂದು ಹೇಳಿ ಕಾದೆ. ಆಮೇಲೆ ನನ್ನ ಪದ್ಧತಿಯನ್ನು ಸ್ವಲ್ಪ ಬದಲಿಸಿಕೊಂಡೆ. ಚೀಟಿ ಮತ್ತು ಪೆನ್ನನ್ನು ಇಬ್ಬರ ನಡುವೆ ಇಟ್ಟು, “ನೀವು ಬರೆಯುತ್ತೀರಾ, ನಾನು ಬರೆಯಲೇ?” ಎಂದು ಎಲ್ಲರನ್ನೂ ಕೇಳತೊಡಗಿದೆ. ನಿವೃತ್ತಿಯಾಗುವ ದಿನದವರೆಗೂ ಅದೇ ಪ್ರಶ್ನೆ ಕೇಳಿದೆ.

ನನ್ನ ಮಾತು ಇಷ್ಟೇ. ಸಂಘಟಕರು ಪ್ರಶ್ನೋತ್ತರಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದಾರೆ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕುಳಿತಿರುವ ಅಮ್ಮ ಆಗಿನಿಂದ ಎರಡು ಸಲ ಕೈ ಅರ್ಧಕ್ಕೆ ಎತ್ತಿ ಇಳಿಸಿದರು. ಅಮ್ಮ, ಮೈಕನ್ನು ಅಲ್ಲಿಗೇ ಕಳಿಸಲೇ, ಇಲ್ಲವೇ ನಾನೇ ನಿಮ್ಮ ಹತ್ತಿರ ಬರಲೇ?